ವರ್ಷಗಟ್ಟಲೆ ತಪ್ಪು ನುಡಿಸಿದ ಹಾಡನ್ನು ತಿದ್ದಿಕೊಳ್ಳುವ ಬಗೆ

ರಸಮಂಜರಿ ಮುಗಿದು ವೈರ್ ಸುತ್ತುವ ಹೊತ್ತಿಗೆ ಹಿರಿಯರೊಬ್ಬರು ವೇದಿಕೆ ಹತ್ತಿರ ಬಂದು, "ತಮ್ಮಾ, ಛಲೋ ನುಡಿಸಿದಿ. ಆದರ ಎರಡನೇ ಅಂತರಾದಾಗ ನಿಷಾದ ಬ್ಯಾರೆ ಐತಿ ನೋಡಪಾ" ಎಂದು ಎರಡನೇ ಚರಣದ 'ನಿ' ಸ್ವರದ ತಪ್ಪು ತೋರಿಸಿದರೆ, ಬರೀ ನಮಸ್ಕಾರ ಹೇಳಿ ಕಳಿಸಿಬಿಡಬೇಡಿ. ಯಾವ ಸಾಲು, ಯಾವ ಶಬ್ದ ಎಂದು ಕೇಳಿ ಹಾಡಿನ ಡೈರಿಯಲ್ಲಿ ಅಲ್ಲಿಯೇ ಗುರುತು ಹಾಕಿಕೊಳ್ಳಿ. ಚಪ್ಪಾಳೆ ತಟ್ಟುವವರು ಬಹಳ ಮಂದಿ, ಹೀಗೆ ಬಂದು ಹೇಳುವವರು ಅಪರೂಪ. ಅವರ ಮಾತು ಪರೀಕ್ಷೆ ಮಾಡಿ ನೋಡಲು ಯೋಗ್ಯವಾದದ್ದು.

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಆರ್ಕೆಸ್ಟ್ರಾಗಳು, ಬ್ಯಾಂಡ್ ಕಂಪನಿಗಳು, ಭಜನಾ ಮೇಳಗಳು, ಗಣಪತಿ ಮೆರವಣಿಗೆಯ ಬ್ಯಾಂಜೋ ಪಾರ್ಟಿಗಳು ಹಾಡು ಕಲಿಯುವುದು ಹೆಚ್ಚಾಗಿ ಕಿವಿಯಿಂದ. ಅದು ಒಳ್ಳೆಯ ಪದ್ಧತಿಯೇ. ತೊಡಕು ಹುಟ್ಟುವುದು ನಾವು ಯಾರನ್ನು ಕೇಳಿ ಕಲಿತೆವು ಎಂಬಲ್ಲಿ. ಒಂದು ತಂಡ ಕ್ಯಾಸೆಟ್ ಕೇಳಿ ಕಲಿತದ್ದನ್ನು ಇನ್ನೊಂದು ತಂಡ ಜಾತ್ರೆಯಲ್ಲಿ ಕೇಳಿ ಹಿಡಿಯುತ್ತದೆ, ಅದನ್ನು ಮೂರನೆಯವರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಗೆ ಹೋಗುತ್ತಾರೆ. ಹೀಗೆ ಕೈ ದಾಟಿದಷ್ಟೂ ಒಂದು ಸ್ವರ ಸವೆಯುತ್ತದೆ, ತಾಳದ ಒಂದು ಮಾತ್ರೆ (ಎಣಿಕೆ) ಹೆಚ್ಚಾಗುತ್ತದೆ. ಹಾಡನ್ನು ಬೇಕಂತಲೇ ಬದಲಿಸಿ ನುಡಿಸುವುದು ಕಲಾವಿದನ ಸ್ವಾತಂತ್ರ್ಯ. ಗೊತ್ತಿಲ್ಲದೆ ಬದಲಾದದ್ದನ್ನು ಆ ಲೆಕ್ಕಕ್ಕೆ ಸೇರಿಸಬಾರದು. ಈ ಎರಡನ್ನೂ ಬೇರೆ ಮಾಡಿ ನೋಡಲು ಏನೇನು ಮಾಡಬೇಕು ಎಂಬುದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಮೂಲ ಯಾವುದು?

ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ, ಎಲ್ಲರೂ ಅವಸರ ಮಾಡುವುದೂ ಇಲ್ಲಿಯೇ. ಒಂದೇ ಸಿನಿಮಾ ಹಾಡು ಆಡಿಯೋ ಕಂಪನಿ ಬಿಡುಗಡೆ ಮಾಡಿದ ರೂಪದಲ್ಲಿ ಒಂದು ಥರ ಇರುತ್ತದೆ, ಚಿತ್ರದೊಳಗೆ ಕತ್ತರಿ ಬಿದ್ದು ಇನ್ನೊಂದು ಥರ ಇರುತ್ತದೆ, ಅದೇ ಗಾಯಕರು ವೇದಿಕೆ ಮೇಲೆ ಹಾಡಿದ್ದು ಮತ್ತೊಂದು ಥರ. ಕರೋಕೆ ಟ್ರ್ಯಾಕ್ ಅಂತೂ ಬಹುತೇಕ ಬೇರೆ ಯಾರೋ ಹೊಸದಾಗಿ ಕೀಬೋರ್ಡಿನ ಮೇಲೆ ಕಟ್ಟಿದ್ದು. ಅದರಲ್ಲಿ ಅವರ ತಪ್ಪೂ ಸೇರಿರಬಹುದು. ಹಾಗಾಗಿ ಹಕ್ಕುದಾರ ಆಡಿಯೋ ಕಂಪನಿಯೇ ಹೊರತಂದ ಪೂರ್ತಿ ಹಾಡನ್ನು ಮೂಲ ಎಂದು ಹಿಡಿಯಿರಿ. ಚಿತ್ರದ ರೂಪವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ, ಅದರಲ್ಲಿ ಒಂದು ಅಂತರಾ ಹೆಚ್ಚೋ ಕಡಿಮೆಯೋ ಇರಬಹುದು.

ಆಮೇಲೆ ವೇಗ ನೋಡಿ. ಹಳೆಯ ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಟೇಪ್ ರೆಕಾರ್ಡರಿನ ಬೆಲ್ಟ್ ಸಡಿಲಾದರೆ, ಮೋಟಾರು ದಣಿದರೆ, ಅದು ತಪ್ಪುತ್ತದೆ. ವೇಗ ಸುಮಾರು 6 ಪರ್ಸೆಂಟ್ ಹೆಚ್ಚಾದರೆ ಹಾಡು ಪೂರ್ತಿ ಅರ್ಧ ಸ್ವರ ಮೇಲೆ ಹೋಗುತ್ತದೆ: ಹಾರ್ಮೋನಿಯಂನ ಬಿಳಿ ಒಂದರ (ಸಪ್ತಕದ ಮೊದಲ ಬಿಳಿ ಮನೆ, ಅಂದರೆ ಕೀ) ಹಾಡು ಪಕ್ಕದ ಕಪ್ಪು ಒಂದಕ್ಕೆ ಕೇಳಿಸುತ್ತದೆ. ವಿಸಿಡಿ ಮತ್ತು ಟಿವಿಯಿಂದ ಕಲಿತವರಿಗೆ ಇನ್ನೊಂದು ತೊಡಕು. ಸಿನಿಮಾ ಸೆಕೆಂಡಿಗೆ 24 ಚಿತ್ರದಂತೆ ಓಡುತ್ತದೆ, ನಮ್ಮ ದೇಶದ ಪಾಲ್ ಪದ್ಧತಿಯ ಟಿವಿ 25ರಂತೆ. ಆ ವ್ಯತ್ಯಾಸ ಸರಿಪಡಿಸದೆ ಹಾಕಿದಾಗ ಹಾಡು 4 ಪರ್ಸೆಂಟಿಗಿಂತ ಸ್ವಲ್ಪ ಹೆಚ್ಚು ವೇಗವಾಗಿ, ಅರ್ಧ ಸ್ವರದ ಮುಕ್ಕಾಲು ಪಾಲಿನಷ್ಟು ಮೇಲಕ್ಕೆ ಹೋಗುತ್ತದೆ. ಹಾರ್ಮೋನಿಯಂ ಯಾವ ಮನೆಗೂ ಕೂಡುವುದಿಲ್ಲ. "ಈ ಹಾಡು ಬಿಳಿ ನಾಕಕ್ಕೂ ಬರವಲ್ದು, ಕಪ್ಪು ಮೂರಕ್ಕೂ ಬರವಲ್ದು" ಎಂಬ ತಕರಾರಿಗೆ ಹಲವು ಸಲ ಇದೇ ಕಾರಣ.

ಪರೀಕ್ಷೆ ಸುಲಭ. ಎರಡೂ ರೂಪಗಳ ಒಟ್ಟು ಅವಧಿ ಹೋಲಿಸಿ. ಐದು ನಿಮಿಷದ ಹಾಡು 4 ನಿಮಿಷ 48 ಸೆಕೆಂಡಿಗೆ ಮುಗಿದಿದ್ದು ಯಾವ ಸಾಲೂ ಬಿಟ್ಟಿಲ್ಲದಿದ್ದರೆ ಅದು ವೇಗದ ದೋಷ. ಮೊಬೈಲಿನ ಟ್ಯೂನರ್ ಆಪ್ ಹಚ್ಚಿ ಉದ್ದದ ಸ್ವರಗಳನ್ನು ಅಳೆಯಿರಿ. ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ಹಾಡುಗಾರನದು ತಪ್ಪಿಲ್ಲ, ಯಂತ್ರದ್ದು. ಕೆಲವೊಮ್ಮೆ ಸ್ಟುಡಿಯೋದವರೇ ವೇಗ ಬದಲಿಸಿರುತ್ತಾರೆ. ಬೀಟಲ್ಸ್ ತಂಡ 1966ರ ಕೊನೆಗೆ ಧ್ವನಿಮುದ್ರಿಸಿದ ಒಂದು ಪ್ರಸಿದ್ಧ ಹಾಡಿನಲ್ಲಿ ಬೇರೆ ಬೇರೆ ವೇಗದ, ಬೇರೆ ಬೇರೆ ಶ್ರುತಿಯ ಎರಡು ಟೇಕ್‌ಗಳನ್ನು ವೇಗ ಹೊಂದಿಸಿ ಜೋಡಿಸಿದರು. ಅದಕ್ಕೇ ಅದು ಪಿಯಾನೋದ ಮನೆಗಳ ನಡುವೆ ಎಲ್ಲೋ ನಿಲ್ಲುತ್ತದೆ. ಅಂಥ ಹಾಡಿಗೆ ಹತ್ತಿರದ ಮನೆ ಹಿಡಿದು ನುಡಿಸಿದರೆ ಸಾಕು, ಯಾವ ತಪ್ಪೂ ಇಲ್ಲ.

ಎರಡನೆಯದು: ಎರಡೂ ಕಿವಿಯಿಂದ ಕೇಳುವುದು

ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ಬೇಸ್ (ತಗ್ಗಿನ ನಾದದ ನಡೆ) ಕಲಿತವರು ಬೇಸ್ ಕಲಿತೇ ಇಲ್ಲ ಅನ್ನಬೇಕು. ಬೇಸ್ ಗಿಟಾರಿನ ತೀರ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಕಂಪನದ್ದು. ಅಷ್ಟು ಸಣ್ಣ ಸ್ಪೀಕರಿಗೆ ಆ ಮೂಲ ನಾದ ಹೊರಡಿಸುವ ತ್ರಾಣವಿಲ್ಲ. ನಾವು ಮೇಲಿನ ನಾದಗಳಿಂದ ಊಹಿಸಿ ತುಂಬಿಕೊಳ್ಳುತ್ತೇವೆ, ಊಹೆ ತಪ್ಪಿದ್ದು ತಿಳಿಯುವುದೇ ಇಲ್ಲ. ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಲಿತರೂ ಅಷ್ಟೇ. ಹಳೆಯ ಸ್ಟೀರಿಯೋ ಹಾಡುಗಳಲ್ಲಿ ಒಂದು ವಾದ್ಯ ಪೂರ್ತಿ ಎಡಕ್ಕೆ, ಇನ್ನೊಂದು ಪೂರ್ತಿ ಬಲಕ್ಕೆ ಇರುತ್ತದೆ. ನೀವು ಕೇಳದ ಕಡೆಯೇ ಆ ಪಿಟೀಲಿನ ಉತ್ತರ ಇದ್ದಿರಬಹುದು. ಹೆಡ್‌ಫೋನ್ ಹಾಕಿ ಮೊದಲು ಎರಡೂ ಕಡೆ, ಆಮೇಲೆ ಬರೀ ಎಡ, ಆಮೇಲೆ ಬರೀ ಬಲ ಕೇಳಿ.

ಇನ್ನೊಂದು ಎಚ್ಚರ: ಎಡ ಬಲಗಳನ್ನು ಒಂದರಿಂದೊಂದು ಕಳೆದು ಗಾಯನ ಅಳಿಸುವ ಹಳೆಯ ವಿಧಾನದಲ್ಲಿ, ನಟ್ಟನಡುವೆ ಇರುವುದೆಲ್ಲ ಹೋಗುತ್ತದೆ. ಹಾಡಿನ ಜೊತೆ ಬೇಸ್ ಮತ್ತು ದೊಡ್ಡ ಡ್ರಮ್ಮೂ ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ. ಅಂಥ ಟ್ರ್ಯಾಕ್ ಹಾಡಿನ ಪ್ರಾಕ್ಟೀಸಿಗೆ ಇರಲಿ, ವಾದ್ಯ ಕಲಿಯಲು ಬೇಡ.

ಆಡಾಸಿಟಿ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ 'ಚೇಂಜ್ ಸ್ಪೀಡ್' ಒತ್ತಿದರೆ ಶ್ರುತಿಯೂ ಇಳಿಯುತ್ತದೆ, 'ಚೇಂಜ್ ಟೆಂಪೋ' ಒತ್ತಿದರೆ ಶ್ರುತಿ ಹಾಗೇ ಇದ್ದು ಹಾಡು ಮಾತ್ರ ನಿಧಾನವಾಗುತ್ತದೆ. ನಮಗೆ ಬೇಕಾದದ್ದು ಎರಡನೆಯದು. ಯೂಟ್ಯೂಬಿನಲ್ಲಿ 0.75 ಅಥವಾ 0.5 ಇಟ್ಟರೂ ಶ್ರುತಿ ಕೆಡುವುದಿಲ್ಲ. ಬೇಸ್ ಸಿಗದಿದ್ದರೆ 'ಚೇಂಜ್ ಪಿಚ್'ನಿಂದ ಹಾಡನ್ನು ಒಂದು ಸಪ್ತಕ ಮೇಲೆ ಏರಿಸಿ. ಗಾಯಕರ ದನಿ ಕೇಳಲಾರದಂತಾಗುತ್ತದೆ, ಆದರೆ ಬೇಸಿನ ನಡೆ ನಿಚ್ಚಳವಾಗಿ ಕಿವಿಗೆ ಬೀಳುತ್ತದೆ.

ಮೂರನೆಯದು: ಸಮ ಎಲ್ಲಿ ಬೀಳುತ್ತದೆ

ಸ್ವರಕ್ಕಿಂತ ಮೊದಲು ತಾಳ ತಿದ್ದಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸ್ವರ ಒಬ್ಬರು ತಪ್ಪಿದರೆ ಒಬ್ಬರದೇ ತಪ್ಪು, ಸಮ (ತಾಳದ ಒಂದನೇ ಮಾತ್ರೆ) ತಪ್ಪಿದರೆ ಇಡೀ ತಂಡವೇ ಒಗ್ಗಟ್ಟಿನಿಂದ ತಪ್ಪುತ್ತದೆ. ಒಗ್ಗಟ್ಟಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಬಹಳ ಹಾಡುಗಳು ಸಮಕ್ಕೆ ಎತ್ತುಗಡೆ (ಶುರು) ಆಗುವುದಿಲ್ಲ. ಕೆಹರ್ವಾ ತಾಳದ ಎಂಟು ಮಾತ್ರೆಯಲ್ಲಿ ಐದನೆಯದರಿಂದಲೋ ಏಳನೆಯದರಿಂದಲೋ ಎದ್ದು, ಮೊದಲ ಮುಖ್ಯ ಶಬ್ದ ಸಮಕ್ಕೆ ಬಂದು ಕೂಡುತ್ತದೆ. ಪ್ಯಾಡ್ ಬಾರಿಸುವವರು ಹಾಡು ಎದ್ದದ್ದನ್ನೇ ಒಂದನೇ ಮಾತ್ರೆ ಎಂದುಕೊಂಡರೆ ತಾಳ ತಲೆಕೆಳಗಾಗುತ್ತದೆ. ಪಲ್ಲವಿಯಲ್ಲಿ ಹೇಗೋ ನಡೆದುಹೋಗುತ್ತದೆ, ಇಂಟರ್‌ಲ್ಯೂಡ್ (ನಡುವಿನ ವಾದ್ಯದ ತುಣುಕು) ಮುಗಿದು ಅಂತರಾ ಎತ್ತುವಾಗ ಎರಡು ಮಾತ್ರೆ ಹೆಚ್ಚೋ ಕಡಿಮೆಯೋ ಆಗಿ, ಅದನ್ನು ಮುಚ್ಚಲು ಒಂದು ರೋಲ್ ಹೊಡೆಯುವ ರೂಢಿ ಬೆಳೆಯುತ್ತದೆ. ನಿಮ್ಮ ತಂಡದಲ್ಲಿ ಅಂಥ ರೋಲ್ ಯಾವ ಹಾಡಿನಲ್ಲಿದೆ ನೋಡಿ, ತಪ್ಪು ಅದರ ಹಿಂದೆ ಇರುತ್ತದೆ.

ವಾದ್ಯ ಕೆಳಗಿಟ್ಟು ಎಲ್ಲರೂ ಸುತ್ತ ಕೂತು ಮೂಲಕ್ಕೆ ಕೈಯಿಂದ ತಾಳ ಹಾಕಿ. ಬೇಸ್ ಎಲ್ಲಿ ಮನೆ ಬದಲಿಸುತ್ತದೆ, ಕಾರ್ಡ್ (ಒಟ್ಟಿಗೆ ಹಿಡಿಯುವ ಸ್ವರಗಳ ಗುಂಪು) ಎಲ್ಲಿ ಬದಲಾಗುತ್ತದೆ ಎಂಬುದನ್ನು ಹಿಡಿಯಿರಿ. ಸಾಮಾನ್ಯವಾಗಿ ಸಮ ಅಲ್ಲಿರುತ್ತದೆ. ಇಂಟರ್‌ಲ್ಯೂಡನ್ನೂ ಬಿಡದೆ ಎಣಿಸಿ.

ಇದಕ್ಕಿಂತ ಆಳದ ತಪ್ಪು ತಾಳವನ್ನೇ ಬದಲಿಸಿದ್ದು. ಕೀಬೋರ್ಡಿನ ರಿದಮ್ ಬಟನ್ ಒತ್ತಿ ಕಲಿತವರು ಏಳು ಮಾತ್ರೆಯ ಹಿಂದೂಸ್ತಾನಿ ರೂಪಕ ತಾಳದ ಹಾಡನ್ನು ಎಂಟಕ್ಕೆ ಎಳೆದಿರುತ್ತಾರೆ, ಸಾಲಿನ ಕೊನೆಗೆ ಒಂದು ಮಾತ್ರೆ ಸುಮ್ಮನೆ ನಿಂತು. ಹಾಡಿಗೆ ಇರುವ ಆ ಮುಂದಕ್ಕೆ ಜಗ್ಗುವ ಗುಣವೇ ಹೋಗುತ್ತದೆ. 'ತೀ ತೀ ನಾ, ಧೀ ನಾ, ಧೀ ನಾ' ಎಂದು ಮೂರು, ಎರಡು, ಎರಡರಂತೆ ಬಾಯಿಂದ ಹೇಳುತ್ತ ಮೂಲ ಕೇಳಿ. ಎರಡು ಸಾಲು ತನಕ ಕೂಡಿಬಂದರೆ ಅದು ರೂಪಕ. ಬಾಯಿ ತಪ್ಪಿದರೆ ಕೆಹರ್ವಾದ 'ಧಾ ಗೆ ನಾ ತಿ, ನ ಕ ಧಿ ನ' ಹೇಳಿ ನೋಡಿ, ಆಮೇಲೆ ದಾದರಾದ ಆರು ಮಾತ್ರೆ. ರೂಪಕದಲ್ಲಿ ಸಮವೇ ಖಾಲಿ, ಅಲ್ಲಿ ಡಗ್ಗಾದ (ತಬಲಾ ಜೋಡಿಯ ದೊಡ್ಡ ವಾದ್ಯದ) ಪೆಟ್ಟು ಇರುವುದಿಲ್ಲ. ಭಾರದ ಪೆಟ್ಟನ್ನೇ ಸಮ ಎಂದು ಹುಡುಕುವವರು ಇದನ್ನು ನೆನಪಿನಲ್ಲಿಡಬೇಕು.

ನಾಲ್ಕನೆಯದು: ಬಾಯಲ್ಲಿ ಸರಗಮ್, ಆಮೇಲೆ ಬೆರಳು

ಬೆರಳಿಗೆ ಹಳೆಯ ದಾರಿ ಗೊತ್ತಿರುತ್ತದೆ, ಅದು ಕಿವಿಯ ಮಾತು ಕೇಳುವುದಿಲ್ಲ. ಹಾಗಾಗಿ ಕೀಬೋರ್ಡ್ ಮುಟ್ಟದೆ, ತಂಬೂರಿ ಆಪ್ ಹಚ್ಚಿಟ್ಟು, ಅನುಮಾನದ ಸಾಲನ್ನು ಅರ್ಧ ವೇಗದಲ್ಲಿ ಕೇಳಿ ಸರಗಮ್ ಹಾಡಿ. ಒಂದು ಸ್ವರದಿಂದ ಏನಾಗುತ್ತದೆ ಎಂಬುದಕ್ಕೆ ಭೀಮಪಲಾಸಿ ಮತ್ತು ಪಟದೀಪ ನೋಡಿ. ಎರಡು ರಾಗಗಳಲ್ಲೂ ಗಾಂಧಾರ ಕೋಮಲ (ಅರ್ಧ ಸ್ವರ ಇಳಿದದ್ದು), ಎರಡರದೂ ಆರೋಹದಲ್ಲಿ ರಿಷಭ ಧೈವತ ಇಲ್ಲ. ಭೀಮಪಲಾಸಿಯ ನಿಷಾದ ಕೋಮಲ, ಪಟದೀಪದ್ದು ಶುದ್ಧ. ಬಿಳಿ ಒಂದು ಷಡ್ಜವಾದರೆ ಮೊದಲಿನದು ಕಪ್ಪು ಐದು, ಎರಡನೆಯದು ಅದರ ಪಕ್ಕದ ಬಿಳಿ ಏಳು. ಬೆರಳು ಒಂದು ಮನೆ ಸರಿದರೆ ರಾಗವೇ ಬೇರೆ. ಯಮನ್ ಆಧಾರದ ಹಾಡುಗಳಲ್ಲಿ ಇನ್ನೊಂದು ಸೂಕ್ಷ್ಮ: ತೀವ್ರ ಮಧ್ಯಮದ ಜೊತೆಗೆ ಇಳಿಯುವಾಗ ಎರಡು ಗಾಂಧಾರಗಳ ನಡುವೆ ಶುದ್ಧ ಮಧ್ಯಮ ಒಂದು ಗಳಿಗೆ ಇಣುಕಿದರೆ ಅದು ಯಮನ್ ಕಲ್ಯಾಣ. ಆ ಸಣ್ಣ ಮಧ್ಯಮವನ್ನು ಬಿಟ್ಟು ನುಡಿಸುವವರು ಬಹಳ, ಹಾಡಿನ ಸೊಗಸು ಇರುವುದು ಅಲ್ಲಿಯೇ.

ಟ್ರಾನ್ಸ್‌ಪೋಸ್ ಬಟನ್ ಬಗ್ಗೆ ಒಂದು ಮಾತು. ಎಲ್ಲ ಹಾಡನ್ನೂ ಬಿಳಿ ಒಂದರಲ್ಲೇ ನುಡಿಸಿ ಬಟನ್ನಿನಿಂದ ಏರಿಸುವ ಇಳಿಸುವ ರೂಢಿ ಇದ್ದವರು ತಿದ್ದುವ ಹೊತ್ತಿಗಾದರೂ ಅದನ್ನು ಸೊನ್ನೆಗೆ ತನ್ನಿ. ಇಲ್ಲದಿದ್ದರೆ ಗಿಟಾರಿನವರು ಹೇಳುವ ಮನೆ ಒಂದು, ನಿಮ್ಮ ಕಣ್ಣಿಗೆ ಕಾಣುವ ಮನೆ ಇನ್ನೊಂದು ಆಗಿ ಅರ್ಧ ತಾಸು ವಾದದಲ್ಲೇ ಹೋಗುತ್ತದೆ. ಬ್ಯಾಂಡ್ ಕಂಪನಿಯಲ್ಲೂ ಇದೇ ಪ್ರಶ್ನೆ: ಬಿ ಫ್ಲ್ಯಾಟ್ ಕ್ಲಾರಿನೆಟ್ಟಿನವರು 'ಸಿ' ಎಂದು ನುಡಿಸಿದ್ದು ಹಾರ್ಮೋನಿಯಂನಲ್ಲಿ ಬಿ ಫ್ಲ್ಯಾಟ್, ಅಂದರೆ ಕಪ್ಪು ಐದು. ಮಾತಾಡುವಾಗ ಹಾರ್ಮೋನಿಯಂ ಮನೆಯನ್ನೇ ಹೇಳಿಕೊಂಡರೆ ಗೊಂದಲ ತಪ್ಪುತ್ತದೆ.

ಕಾರ್ಡ್‌ಗಳ ತಪ್ಪು ವರ್ಷಗಟ್ಟಲೆ ಸಿಕ್ಕಿಬೀಳದೆ ಉಳಿಯುತ್ತದೆ. ಅದಕ್ಕೆ ಕಾರಣವಿದೆ. ಸಿ ಮೇಜರ್ ಅಂದರೆ ಸಿ, ಇ, ಜಿ. ಎ ಮೈನರ್ ಅಂದರೆ ಎ, ಸಿ, ಇ. ಮೂರರಲ್ಲಿ ಎರಡು ಸ್ವರ ಒಂದೇ. ಒಂದರ ಬದಲು ಇನ್ನೊಂದು ಹಿಡಿದರೆ ಕಿವಿಗೆ ಚುಚ್ಚುವುದಿಲ್ಲ, ಹಾಡಿನ ಬಣ್ಣ ಮಾತ್ರ ಮಾಸುತ್ತದೆ. ಆದ್ದರಿಂದ ಮೊದಲು ಬೇಸ್ ಯಾವ ಸ್ವರಕ್ಕೆ ನಿಂತಿದೆ ಎಂದು ಹಿಡಿದು, ಅದರ ಮೇಲೆ ಗಾಂಧಾರ ಕೋಮಲವೋ ಶುದ್ಧವೋ ನೋಡಿ, ಕೊನೆಗೆ ಪೂರ್ತಿ ಕಾರ್ಡ್ ಹಿಡಿಯಿರಿ. ಯಂತ್ರ ತಾನಾಗಿಯೇ ಬರೆದು ತೋರಿಸುವ ಕಾರ್ಡ್‌ಗಳನ್ನು ಸುಳಿವು ಎಂದು ತಗೊಳ್ಳಿ, ಸಾಕ್ಷಿ ಎಂದು ಬೇಡ.

ಬೆಳಗಾವಿಯ ಕಾಲೇಜು ಬ್ಯಾಂಡಿನ ಹುಡುಗರಿಗೆ: ಸ್ವರ ಎಲ್ಲ ಸರಿಯಿದ್ದೂ ರೋಲಿಂಗ್ ಸ್ಟೋನ್ಸ್ ತಂಡದ ನಾದ ಬರದಿದ್ದರೆ ದೋಷ ತಂತಿ ಕಟ್ಟಿದ ರೀತಿಯಲ್ಲಿದೆ. ಅವರ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಅನೇಕ ಹಾಡುಗಳಲ್ಲಿ ಆರನೇ ತಂತಿ ತೆಗೆದುಹಾಕಿ ಉಳಿದ ಐದನ್ನು ಜಿ, ಡಿ, ಜಿ, ಬಿ, ಡಿ ಎಂದು ಕಟ್ಟುತ್ತಾರೆ. ಎಂದಿನ ಟ್ಯೂನಿಂಗಿನಲ್ಲಿ ಎಷ್ಟು ಕಸರತ್ತು ಮಾಡಿದರೂ ಆ ನಾದ ಬರುವುದಿಲ್ಲ, ಹಾಗೆ ಕಟ್ಟಿದರೆ ಒಂದೆರಡು ಬೆರಳಿಗೆ ಬರುತ್ತದೆ.

ಐದನೆಯದು: ಸಾಹಿತ್ಯ

ನಮ್ಮ ಕಡೆ ಒಂದೇ ರಾತ್ರಿ ಕನ್ನಡ, ಮರಾಠಿ, ಹಿಂದಿ ಮೂರೂ ಹಾಡಬೇಕು. ಗಾಯಕರ ಡೈರಿಯಲ್ಲಿ ಎಲ್ಲವೂ ಕನ್ನಡ ಲಿಪಿಯಲ್ಲಿ ಇರುತ್ತದೆ. ಮರಾಠಿಯ ಚಕಾರಕ್ಕೆ ಎರಡು ಉಚ್ಚಾರ: ಒಂದು ನಮ್ಮ ಚ, ಇನ್ನೊಂದು 'ತ್ಸ'ಕ್ಕೆ ಹತ್ತಿರದ್ದು. ಕನ್ನಡದಲ್ಲಿ ಬರೆದಾಗ ಎರಡೂ 'ಚ' ಆಗಿಬಿಡುತ್ತವೆ. ಬೆಳಗಾವಿಯ ಪ್ರೇಕ್ಷಕರ ಕಿವಿಗೆ ಅದು ತಕ್ಷಣ ತಗಲುತ್ತದೆ. ಎರಡನೇ ಉಚ್ಚಾರ ಬರುವಲ್ಲಿ ಅಕ್ಷರದ ಕೆಳಗೆ ಚುಕ್ಕೆ ಇಡುವ ರೂಢಿ ಮಾಡಿಕೊಳ್ಳಿ, ಮರಾಠಿ ಬಲ್ಲವರೊಬ್ಬರಿಂದ ಒಮ್ಮೆ ಓದಿಸಿಕೊಳ್ಳಿ.

ವಚನಗಳಲ್ಲಿ ಉಸಿರು ತಗೊಳ್ಳುವ ಜಾಗ ತಪ್ಪಿದರೆ ಅರ್ಥವೇ ಬೀಳುತ್ತದೆ. 'ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ' ಎಂಬುದು ಜಂಗಮಕ್ಕೆ ಅಳಿವಿಲ್ಲ ಎಂದು ಬಿಡಿಸಬೇಕಾದ ಮಾತು. ಧಾಟಿಗೆ ಕೂಡಿಸಲು ಹೋಗಿ 'ಜಂಗಮ' ಎಂದು ನಿಲ್ಲಿಸಿ ಉಳಿದದ್ದನ್ನು ಮುಂದಿನ ಸಾಲಿಗೆ ತಳ್ಳಿದರೆ ಕೇಳುವವರಿಗೆ ಏನೂ ದಕ್ಕುವುದಿಲ್ಲ. ಕೂಡಲಸಂಗಮ ಇರುವ ಜಿಲ್ಲೆಯಲ್ಲಿ, ಬಸವನ ಬಾಗೇವಾಡಿ ಇರುವ ಜಿಲ್ಲೆಯಲ್ಲಿ ವಚನ ಹಾಡುವವರು ಪಾಠ ನೋಡಿಯೇ ಹಾಡಬೇಕು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದರು. ಈಗ ಸರ್ಕಾರದ 15 ಸಂಪುಟಗಳ ಸಮಗ್ರ ವಚನ ಸಂಪುಟವೇ ಇದೆ. ಅದನ್ನು ತೆರೆದು ನೋಡುವುದು ಹತ್ತು ನಿಮಿಷದ ಕೆಲಸ.

ಆರನೆಯದು: ತಿದ್ದಬೇಕಾದದ್ದು ಯಾವುದು, ಬಿಡಬೇಕಾದದ್ದು ಯಾವುದು

ಇಷ್ಟು ಮಾಡಿದ ಮೇಲೆ ನಿಮ್ಮ ಮುಂದೆ ವ್ಯತ್ಯಾಸಗಳ ಪಟ್ಟಿ ಇರುತ್ತದೆ. ಎಲ್ಲವನ್ನೂ ಕಣ್ಣು ಮುಚ್ಚಿ ತಿದ್ದಬೇಡಿ. ಪ್ರತಿಯೊಂದಕ್ಕೂ ಕೇಳಿಕೊಳ್ಳಿ: ಇದನ್ನು ನಾವು ಮೂಲ ಗೊತ್ತಿದ್ದು ಬದಲಿಸಿದೆವೋ, ಗೊತ್ತಿಲ್ಲದೆಯೋ? ಗಾಯಕಿಯ ಕಂಠಕ್ಕೆ ಎಂದು ಕಪ್ಪು ಎರಡಕ್ಕೆ ಇಳಿಸಿದ್ದು, ಪಿಟೀಲಿಲ್ಲದ್ದಕ್ಕೆ ಆ ತುಣುಕನ್ನು ಕೊಳಲಿಗೆ ಕೊಟ್ಟದ್ದು ತೀರ್ಮಾನಗಳು. ಅವು ಇರಲಿ. ಉಳಿದವುಗಳಲ್ಲಿ ತಾಳ, ಮುಖ್ಯ ಧಾಟಿಯ ಸ್ವರ, ಸಾಹಿತ್ಯ ಮೊದಲು; ಕಾರ್ಡ್ ಆಮೇಲೆ; ಇಂಟರ್‌ಲ್ಯೂಡಿನ ಸಣ್ಣ ಕುಸುರಿ ಕೊನೆಗೆ.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಬಾಲ್ಯದಲ್ಲಿ ದೊಡ್ಡ ಗಾಯಕರ ಗ್ರಾಮೋಫೋನ್ ತಟ್ಟೆಗಳನ್ನು ಕೇಳಿ ಇದ್ದದ್ದು ಇದ್ದಂತೆ ಹಾಡುತ್ತಿದ್ದರು. ಮುಂದೆ ಯಾರ ಹಾದಿಯನ್ನೂ ಹಿಡಿಯದೆ ತಮ್ಮದೇ ಗಾಯನ ಕಟ್ಟಿದರು. ಒಂದೊಂದು ಹರಕತ್ತನ್ನೂ (ಸ್ವರದ ಸಣ್ಣ ಕುಸುರಿಯನ್ನೂ) ನಿಖರವಾಗಿ ಹಿಡಿಯಬಲ್ಲ ಕಿವಿ ಅವರಿಗೆ ಮೊದಲೇ ಇತ್ತು, ಬಿಡಬೇಕಾದದ್ದು ಏನೆಂದು ತಿಳಿದೇ ಬಿಟ್ಟರು.

ಕೆಲವು ಹಾಡುಗಳಿಗೆ ಈ ಲೆಕ್ಕವೇ ಹಚ್ಚಬಾರದು. ಶ್ರೀಕೃಷ್ಣ ಪಾರಿಜಾತದ ಪದಗಳು, ಗೀಗೀ ಪದ, ಚೌಡಿಕೆ ಪದ, ಹೋಳಿಯ ಹಲಗೆ ಮಜಲು ಮೇಳದಿಂದ ಮೇಳಕ್ಕೆ ಬೇರೆಯಾಗುವುದೇ ಸಹಜ. ಅಲ್ಲಿ ಒಂದು ರೆಕಾರ್ಡಿಂಗನ್ನು ಮೂಲ ಎಂದು ಕೂಡಿಸಿ ಉಳಿದವರನ್ನು ತಪ್ಪು ಅನ್ನುವುದು ಅನ್ಯಾಯ. ದಾಸರ ಪದಗಳ ಮಾತೂ ಹಾಗೇ: ಸಾಹಿತ್ಯ, ಅಂಕಿತ ಉಳಿದಿವೆ, ಹಾಡುವ ಧಾಟಿಗಳು ಬಹುತೇಕ ನಂತರದವರು ಕಟ್ಟಿದವು. ನೀವು ಯಾರ ಧಾಟಿಯಲ್ಲಿ ಹಾಡುತ್ತೀರಿ ಎಂದು ಗೊತ್ತಿದ್ದು, ವೇದಿಕೆ ಮೇಲೆ ಅವರ ಹೆಸರು ಹೇಳಿದರೆ ಸಾಕು.

ಕೊನೆಯದು: ಬರೆದಿಡುವುದು, ಕೈಗೆ ಕಲಿಸುವುದು

ತಿದ್ದಿದ್ದನ್ನು ಅಂದೇ ಬರೆಯಿರಿ. ವಿಜಯಪುರವನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ 'ಕಿತಾಬ್-ಎ-ನವರಸ್'ನಲ್ಲಿ ಹಾಡುಗಳಿಗೆ ರಾಗದ ಹೆಸರಿದೆ, ಸ್ವರಲಿಪಿ ಇಲ್ಲ. ಅವನ ದರ್ಬಾರಿನಲ್ಲಿ ಅವು ಹೇಗೆ ಕೇಳಿಸುತ್ತಿದ್ದವು ಎಂಬುದನ್ನು ಇಂದು ಯಾರೂ ಹಾಡಿ ತೋರಿಸಲಾರರು. ಭಾತಖಂಡೆ ಪದ್ಧತಿ ನಮ್ಮ ಕೆಲಸಕ್ಕೆ ಸಾಕು: ಕೋಮಲ ಸ್ವರಕ್ಕೆ ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮಕ್ಕೆ ನೆತ್ತಿಯ ಮೇಲೆ ನಿಂತ ಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ. ಸಮಕ್ಕೆ ಗುಣಿಸು ಚಿಹ್ನೆ, ಖಾಲಿಗೆ ಸೊನ್ನೆ. ಪೂರ್ತಿ ಹಾಡು ಬೇಡ, ತಪ್ಪುವ ಸಾಲುಗಳಷ್ಟೇ ಇದ್ದರೂ ಆದೀತು.

ಅಭ್ಯಾಸ ಮಾಡುವಾಗ ತಪ್ಪುವ ಸ್ವರದಿಂದಲೇ ಶುರು ಮಾಡಬೇಡಿ. ಅದಕ್ಕಿಂತ ಎರಡು ಆವರ್ತನ (ತಾಳದ ಸುತ್ತು) ಹಿಂದಿನಿಂದ ಎತ್ತಿ, ಅದನ್ನು ದಾಟಿ ಎರಡು ಆವರ್ತನ ಮುಂದೆ ಹೋಗಿ ನಿಲ್ಲಿ. ಕೈ ತಪ್ಪುವುದು ಬಹಳ ಮಾಡಿ ಆ ಸ್ವರಕ್ಕೆ ಹೋಗುವ ದಾರಿಯಲ್ಲಿ. ಅರ್ಧ ವೇಗದಲ್ಲಿ ತಪ್ಪಿಲ್ಲದೆ ಬಂದ ಮೇಲೆ ಸ್ವಲ್ಪ ಸ್ವಲ್ಪ ಏರಿಸಿ. ವೇಗದಲ್ಲಿ ತಪ್ಪು ನುಡಿಸಿದ ಪ್ರತಿ ಸಲವೂ ಹಳೆಯ ರೂಢಿ ಮತ್ತೆ ಗಟ್ಟಿಯಾಗುತ್ತದೆ. ಈ ದಿನಗಳಲ್ಲಿ ಆ ಹಾಡನ್ನು ಕಾರ್ಯಕ್ರಮದಿಂದ ಹೊರಗಿಡಿ. ಮರಳಿ ತಂದಾಗಲೂ ಮೊದಲ ಹಾಡಾಗಿ ಹಾಕಬೇಡಿ. ಮೈಕ್ ಸರಿಯಾಗಿ ಕೂಡದ, ಎದೆ ಬಡಿಯುವ ಆ ಹೊತ್ತಿಗೆ ಕೈ ಹಳೆಯದಕ್ಕೇ ಓಡುತ್ತದೆ. ನಾಲ್ಕನೆಯದೋ ಐದನೆಯದೋ ಇರಲಿ.

ತಂಡದೊಳಗೆ ಮಾತಾಡುವ ರೀತಿಗೂ ಬೆಲೆ ಇದೆ. ತಬಲಾ ಕಾಕಾಗೆ ಹುಡುಗರ ಮುಂದೆ "ನೀವು ಇಷ್ಟು ದಿನಾ ತಪ್ಪ ಬಾರಿಸೀರಿ" ಅಂದರೆ ಹಾಡು ತಿದ್ದುವುದು ಅಲ್ಲಿಗೇ ನಿಲ್ಲುತ್ತದೆ. "ಕಾಕಾ, ಇದನ್ನ ಒಮ್ಮೆ ನಿಧಾನ ಹಚ್ಚೇನಿ, ಸಮ ಎಲ್ಲಿ ಬೀಳ್ತದ ನೀವೇ ಹೇಳ್ರಿ" ಎಂದು ಹೆಡ್‌ಫೋನ್ ಕೈಗೆ ಕೊಡಿ. ಅನುಭವದ ಕಿವಿ ಮೂಲ ಕೇಳಿದರೆ ತಾನೇ ಹಿಡಿಯುತ್ತದೆ, ನೀವು ಹಿಡಿಯದ ಇನ್ನೆರಡನ್ನೂ ಹೇಳುತ್ತದೆ.

ಸೀಸನ್‌ನಲ್ಲಿ ಬದಲಿ ವಾದಕರು ಬರುವುದು ಇದ್ದದ್ದೇ. ಅವರು ಇನ್ನೊಂದು ತಂಡದಲ್ಲಿ ಕಲಿತ ರೂಪವನ್ನು ನುಡಿಸುತ್ತಾರೆ, ತಿದ್ದಿದ ಹಾಡು ಒಂದೇ ರಾತ್ರಿಗೆ ಮೊದಲಿನಂತಾಗುತ್ತದೆ. ಕಾರ್ಯಕ್ರಮಕ್ಕೆ ಎರಡು ದಿನ ಮೊದಲೇ ಅವರ ವಾಟ್ಸಾಪಿಗೆ ಮೂಲ ಹಾಡು, ಬರೆದ ಸಾಲುಗಳ ಫೋಟೋ, ಎತ್ತುಗಡೆ ಎಷ್ಟನೇ ಮಾತ್ರೆ, ಯಾವ ಮನೆ ಎಂಬುದನ್ನು ಕಳಿಸಿ. ಸೌಂಡ್ ಚೆಕ್ ಹೊತ್ತಿಗೆ ಇಡೀ ಹಾಡು ಬೇಡ, ಪಲ್ಲವಿಯಿಂದ ಅಂತರಾಕ್ಕೆ ಹೋಗುವ ಜಾಗವನ್ನಷ್ಟೇ ಎರಡು ಸಲ ಕೂಡಿ ನುಡಿಸಿ.